ನಾನು ಒಗೆದ ಕಂಬಳಿ

ಕಂಬಳಿಯನ್ನು ಯಾರೂ ಒಗೆಯುವುದಿಲ್ಲ. ನಮ್ಮ ಕಡೆ ಇದು ಹೇಳಿಕೊಡಬೇಕಾದ ಮಾತಲ್ಲ. ಬಿಸಿಲಿಗೆ ಹಾಕುತ್ತಾರೆ, ಕೊಡವುತ್ತಾರೆ, ಅಷ್ಟೆ. ಉಣ್ಣೆಯಲ್ಲಿ ಜಿಡ್ಡು ಉಳಿದರೆ ತಾನೆ ಮಳೆ ನೀರು ಜಾರಿಹೋಗುವುದು? ಮೇಲಾಗಿ ಕಂಬಳಿಗೆ ಮೈಲಿಗೆಯೇ ಇಲ್ಲ ಎನ್ನುವವರು ನಾವು. ಬಾಣಂತಿಯ ಕೆಳಗೂ ಅದೇ, ದೇವರ ಮುಂದೆ ಹಾಸುವುದೂ ಅದೇ. ಇಷ್ಟೆಲ್ಲ ಗೊತ್ತಿದ್ದ ನಾನು, ಕುರಿ ಸಾಕುವ ಮನೆಯಲ್ಲಿ ಹುಟ್ಟಿದವಳು, ನಮ್ಮಣ್ಣ ಇಪ್ಪತ್ತೈದು ವರ್ಷ ಜೋಪಾನ ಮಾಡಿದ್ದ ಕಂಬಳಿಯನ್ನು ಹುಣಸೂರಿನ ಹೊಳೆಗೆ ಒಯ್ದು ಸೋಪು ಹಾಕಿ ಒಗೆದೆ. ಯಾಕೆ ಒಗೆದೆ, ಆಮೇಲೆ ಏನೇನು ಸುಳ್ಳು ಹೇಳಿದೆ ಎಂಬುದನ್ನು ಬರೆಯಬೇಕೆಂದು ಕೂತಿದ್ದೇನೆ. ನಾನು ಓದಿದ್ದು ಮೂರನೇ ಕ್ಲಾಸು. ಬರೆಯುವ ರೂಢಿ ಕಡಿಮೆ. ಆದರೆ ಬಾಯಲ್ಲಿ ಹೇಳಲು ಹೋದರೆ ನನಗೆ ಬೇಕಾದ ಹಾಗೆ ತಿರುಗಿಸಿಬಿಡುತ್ತೇನೆ ಎಂಬ ಭಯ ಅದಕ್ಕಿಂತ ದೊಡ್ಡದು.

ನಮ್ಮದು ಪಿರಿಯಾಪಟ್ಟಣ ತಾಲ್ಲೂಕಿನ ಒಂದು ಹಳ್ಳಿ. ಅಣ್ಣ ನನಗಿಂತ ಹತ್ತು ವರ್ಷಕ್ಕೆ ದೊಡ್ಡವನು. ನಡುವೆ ಹುಟ್ಟಿದವು ಉಳಿಯಲಿಲ್ಲವಂತೆ, ಹಾಗಾಗಿ ನನ್ನನ್ನು ಎತ್ತಿ ಆಡಿಸಿದವನು ಅವನೇ. ಅವನು ಸ್ಕೂಲಿನ ಮುಖ ನೋಡಲಿಲ್ಲ. ನನ್ನನ್ನು ಸ್ಕೂಲಿಗೆ ಹಾಕಿ ಎಂದು ಅಪ್ಪನ ಹತ್ತಿರ ಜಗಳ ಆಡಿದವನು ಮಾತ್ರ ಅವನೇ.

ಸ್ವಾತಂತ್ರ್ಯ ಬಂದ ವರ್ಷ. ದೇಶಕ್ಕೆಲ್ಲ ಬಂತು, ನಮ್ಮ ಮೈಸೂರು ಸೀಮೆಯಲ್ಲಿ ಇನ್ನೂ ಮಹಾರಾಜರ ಸರ್ಕಾರವೇ ಇತ್ತು. ಜನರ ಸರ್ಕಾರ ಕೊಡಿ ಎಂದು ಅಲ್ಲಲ್ಲಿ ಮೆರವಣಿಗೆ, ಕೂಗಾಟ, ಲಾಠಿ ಏಟು ನಡೆದಿದ್ದವು. ಇದೆಲ್ಲ ನನಗೆ ತಿಳಿದದ್ದು ಆಮೇಲೆ. ಆಗ ನಾನು ಒಂಬತ್ತೋ ಹತ್ತೋ ವರ್ಷದ ಹುಡುಗಿ. ಅಣ್ಣ ಟಗರು ಮಾರಲು ಹುಣಸೂರಿನ ಸಂತೆಗೆ ಹೋಗಿದ್ದವನು ಸಂಜೆಗೆ ಹೊಲದ ದಾರಿ ಹಿಡಿದು ಬಂದ. ಹೆಗಲ ಮೇಲೆ ಕಂಬಳಿ ಸುತ್ತಿದ ಏನೋ ಇತ್ತು. ಮಾರಾಟವಾಗದ ಟಗರಿಗೆ ಕಾಲು ಮುರಿದಿರಬೇಕು, ಹೊತ್ತುಕೊಂಡು ಬಂದಿದ್ದಾನೆ ಎಂದುಕೊಂಡೆ. ಇಳಿಸಿದಾಗ ನೋಡಿದರೆ ಒಬ್ಬ ಹುಡುಗ. ಬಿಳಿ ಪೈಜಾಮ, ಕಾಲಲ್ಲಿ ಒಂದೇ ಚಪ್ಪಲಿ. ಎಡಗಿವಿಯ ಮೇಲೆ ತಲೆ ಸೀಳಿತ್ತು. ಓದುವ ಹುಡುಗ ಎಂಬುದು ಅವನ ಬೆರಳುಗಳನ್ನು ನೋಡಿದರೇ ಗೊತ್ತಾಗುತ್ತಿತ್ತು.

"ಮೆರವಣಿಗೆಗೆ ಬಂದಿದ್ನಂತೆ ಮೈಸೂರಿಂದ. ರೋಡಲ್ ಬಿದ್ದಿದ್ದ. ಎಲ್ಲಾ ತುಳ್ಕಂಡ್ ಓಡ್ತಾವ್ರೆ," ಎಂದ ಅಣ್ಣ. ಅಪ್ಪ ತಲೆಯ ಮೇಲೆ ಕೈ ಹೊತ್ತು ಕೂತ. "ಪೊಲೀಸ್ನೋರು ಮನೆ ಮುಂದಕ್ ಬಂದ್ರೆ ಏನ್ಲಾ ಗತಿ?"

ಮನೆಗೆ ಬೇಡವೆಂದು ಅವನನ್ನು ಹೊಲದ ರೊಪ್ಪಕ್ಕೆ, ಅಂದರೆ ಮುಳ್ಳುಬೇಲಿ ಕಟ್ಟಿ ಕುರಿ ತುಂಬುವ ಜಾಗಕ್ಕೆ ಸೇರಿಸಿದರು. ರಕ್ತ ನಿಲ್ಲಲಿಲ್ಲ. ಅಣ್ಣ ಕಂಬಳಿಯ ಒಂದು ಮೂಲೆ ಕುಯ್ದು, ಸುಟ್ಟು, ಆ ಬೂದಿಯನ್ನು ಗಾಯಕ್ಕೆ ಒತ್ತಿ ಹಿಡಿದ. ನಮ್ಮಲ್ಲಿ ಗಾಯಕ್ಕೆ ಮಾಡುವುದೇ ಹಾಗೆ. ಉಳಿದ ಕಂಬಳಿಯನ್ನು ಹುಡುಗನಿಗೆ ಹೊದಿಸಿ, ಕುರಿಗಳ ನಡುವೆ ಮಲಗಿಸಿದ. ಹುಡುಕಿಕೊಂಡು ಬಂದ ಪೇದೆಯೊಬ್ಬ ಬೇಲಿಯಾಚೆಯಿಂದ ಮೂಗು ಮುಚ್ಚಿಕೊಂಡು ನೋಡಿ ಹೋದ. ಅವನ ಕಣ್ಣಿಗೆ ಬಿದ್ದದ್ದು ಕುರಿ ಮತ್ತು ಕಂಬಳಿ ಮಾತ್ರ.

ದಿನಾ ಅಂಬಲಿ ಒಯ್ದು ಕುಡಿಸುತ್ತಿದ್ದವಳು ನಾನು. ಅವನಿಗೆ ಜ್ವರ. ಎಚ್ಚರವಾದಾಗ ನನ್ನನ್ನು "ಪುಟ್ಟಿ" ಎನ್ನುತ್ತಿದ್ದ, ಬೆರಳಿನಿಂದ ಮಣ್ಣಿನ ಮೇಲೆ ಅಕ್ಷರ ಬರೆದು "ಇದೇನು ಹೇಳು" ಎನ್ನುತ್ತಿದ್ದ. ಅವನ ಹೆಸರು ಕೇಳಲು ಹೋದರೆ ಅಣ್ಣ ಗದರಿದ. "ಎಸರು ಬ್ಯಾಡ ಕಣಮ್ಮಿ. ಗೊತ್ತಿದ್ರೆ ಒಡ್ದಾಗ ಬಾಯಿಗೆ ಬಂದ್ಬುಡ್ತದೆ."

ಅಪ್ಪನಿಗೆ ಭಯ ಹೆಚ್ಚಾಯಿತು. ಜ್ವರ ಬಿಡುವ ಮುಂಚೆಯೇ ಅವನನ್ನು ಕಳಿಸಬೇಕೆಂದು ಹಟ ಹಿಡಿದ. ಅಣ್ಣ ಹುಲ್ಲು ತುಂಬಿದ ಗಾಡಿಯಲ್ಲಿ ಮಲಗಿಸಿ ಬಿಳಿಕೆರೆಯವರೆಗೆ ಹೋಗಿ, ಮೈಸೂರಿನ ಕಡೆ ಹೊರಟಿದ್ದ ಇನ್ನೊಂದು ಗಾಡಿಯವನಿಗೆ ಒಪ್ಪಿಸಿ ಬಂದ. ಹುಡುಗನ ಮೈ ಸುಡುತ್ತಿತ್ತಂತೆ. ಕಂಬಳಿ ಕೊಟ್ಟು ಕಳಿಸಿದರೆ ಹಾದಿಯಲ್ಲಿ ರಕ್ತದ ಕಲೆ ನೋಡಿ ಹಿಡಿಯುತ್ತಾರೆಂದು ಕಂಬಳಿ ವಾಪಸು ತಂದ. ಚಳಿಯಲ್ಲಿ ಅದನ್ನು ಕಿತ್ತುಕೊಂಡೆ ಎಂಬುದು ಅಣ್ಣನನ್ನು ಎಷ್ಟೋ ವರ್ಷ ಕೊರೆಯುತ್ತಿತ್ತು. ಆ ಹುಡುಗ ಬದುಕಿದನೋ ಇಲ್ಲವೋ ನಮಗೆ ತಿಳಿಯಲಿಲ್ಲ. ಅಣ್ಣ ಆಮೇಲೆ ಆ ಕಂಬಳಿಯನ್ನು ಹೊದೆಯಲಿಲ್ಲ. ಕಪ್ಪು ಕಂಬಳಿಯ ಬಿಳಿ ಅಂಚಿನಲ್ಲಿ ರಕ್ತ ಕಂದು ಬಣ್ಣಕ್ಕೆ ತಿರುಗಿ ಗಟ್ಟಿಯಾಗಿ ಕೂತಿತ್ತು. ಅದನ್ನು ಮಡಿಸಿ ಅಟ್ಟದಲ್ಲಿಟ್ಟ.

ನನ್ನನ್ನು ಹುಣಸೂರಿಗೆ ಕೊಟ್ಟರು. ಗಂಡ ತಾಲ್ಲೂಕು ಆಫೀಸಿನಲ್ಲಿ ಅಟೆಂಡರ್. ಬೀದಿಯಲ್ಲಿ ಒಂದಕ್ಕೊಂದು ಅಂಟಿಕೊಂಡ ಮನೆಗಳು, ಪಕ್ಕದಲ್ಲಿ ಮೇಷ್ಟರ ಮನೆ, ಎದುರಿಗೆ ಪೋಸ್ಟಾಫೀಸಿನವರ ಮನೆ. ಆ ಹೆಂಗಸರಂತೆ ಸೀರೆ ಉಡುವುದನ್ನು, ಅವರಂತೆ ಮಾತಾಡುವುದನ್ನು ನಾನು ಬೇಗ ಕಲಿತೆ. ಸಂತೆಯ ದಿನ ಅಣ್ಣ ಬರುತ್ತಿದ್ದ. ಬಂದರೆ ಮನೆಯೆಲ್ಲ ಕುರಿ ವಾಸನೆ. ಒಮ್ಮೆ ಮೇಷ್ಟರ ಹೆಂಡತಿ ನಗುತ್ತಲೇ, "ನಿಮ್ಮಣ್ಣ ಬಂದ್ರೆ ಬಾಗಿಲು ಬಡಿಯೋದೇ ಬೇಡ ಬಿಡಿ, ಬೀದಿ ಕೊನೇಲೇ ಗೊತ್ತಾಗುತ್ತೆ" ಎಂದರು. ಅವರು ಹೇಳಿದ್ದು ತಮಾಷೆಗೆ. ನಾನು ಮಾತ್ರ ಅವತ್ತಿನಿಂದ ಅಣ್ಣನನ್ನು ಹಿತ್ತಿಲ ಬಾಗಿಲಿಂದ ಬರಮಾಡಿಕೊಳ್ಳತೊಡಗಿದೆ. "ಮುಂದ್ಗಡೆ ಈಗ ತಾನೆ ಸಾರಿಸಿದೀನಿ ಅಣ್ಣಯ್ಯ" ಎಂದು ನೆಪ ಹೇಳುತ್ತಿದ್ದೆ. ಪ್ರತಿ ವಾರ ಸಾರಿಸುವ ನೆಲವನ್ನು ಅವನು ಒಂದು ದಿನವೂ ಪ್ರಶ್ನೆ ಮಾಡಲಿಲ್ಲ.

ಸ್ವಾತಂತ್ರ್ಯ ಬಂದು ಇಪ್ಪತ್ತೈದು ವರ್ಷವಾಯಿತೆಂದು ಎಲ್ಲ ಕಡೆ ಸಂಭ್ರಮ ನಡೆಯಿತು. ಹೋರಾಟ ಮಾಡಿದವರಿಗೆ ತಾಮ್ರಪತ್ರ, ಪಿಂಚಣಿ. ಜೈಲಿಗೆ ಹೋಗದ ಅಣ್ಣನಿಗೆ ಇದು ಯಾವುದೂ ಇಲ್ಲ, ಬೇಕು ಎಂದೂ ಅವನು ಅಂದವನಲ್ಲ. ಒಂದು ಸಂತೆಯ ದಿನ ನನ್ನ ಗಂಡ ಊಟಕ್ಕೆ ಕೂತಾಗ ಸುದ್ದಿ ಹೇಳಿದರು. ಇಡೀ ದೇಶದ ಸ್ವಾತಂತ್ರ್ಯ ಹೋರಾಟಕ್ಕೆಂದೇ ಒಂದು ಮ್ಯೂಸಿಯಂ ಆಗುತ್ತಿದೆಯಂತೆ, ಬೆಂಗಳೂರಿನಲ್ಲಿ. ಅದಕ್ಕೆ ಹಳೆಯ ಸಾಮಾನು ಸೇರಿಸಲು ಒಬ್ಬ ಆಫೀಸರು ತಾಲ್ಲೂಕು ತಾಲ್ಲೂಕಿಗೆ ಬರುತ್ತಾರಂತೆ.

ಅಣ್ಣ ಮುದ್ದೆ ಮುರಿಯುವುದನ್ನು ನಿಲ್ಲಿಸಿದ. "ಅದ ನೋಡಕ್ಕೆ ಯಾರ್ ಬತ್ತಾರೆ ಭಾವ?"

"ಎಲ್ಲಾರೂ ಬತ್ತಾರೆ. ಸ್ಕೂಲ್ ಮಕ್ಳು, ದೊಡ್ಡೋರು, ಹೋರಾಟ ಮಾಡಿದೋರು."

"ಮೈಸೂರೋರೂ ಬತ್ತಾರಾ?"

"ಬರದೆ ಏನು?"

"ಅಂಗಾದ್ರೆ ಅವ್ನೂ ಬತ್ತಾನೆ," ಎಂದ ಅಣ್ಣ. "ಕಂಬ್ಳಿ ನೋಡಿದ್ರೆ ಗುರ್ತ್ ಇಡೀತಾನೆ. ಮೂಲೆ ಸುಟ್ಟಿದ್ದು ಅವ್ನ ಕಣ್ ಮುಂದೇನೇ. ಅವ್ನ ರಕ್ತ ಅಲ್ಲೇ ಅದೆ. ಗುರ್ತ್ ಇಡ್ದ್ ಮ್ಯಾಕೆ ನಮ್ಮನ್ನ ಉಡ್ಕಂಡ್ ಬರಾಕಿಲ್ವಾ? ಬದ್ಕಿದ್ರೆ ಬಂದೇ ಬತ್ತಾನೆ."

ಅವನಿಗೆ ಬೇಕಿದ್ದುದು ಅಷ್ಟೆ. ಆ ಹುಡುಗ ಬದುಕಿದ್ದಾನೆ ಎಂಬುದು ಗೊತ್ತಾಗಬೇಕು. ಮುಂದಿನ ಸಂತೆಗೆ ಕಂಬಳಿ ತಂದು ನನ್ನ ಕೈಗೆ ಕೊಟ್ಟ. ಮಂದೆ ಆಗ ಎಚ್.ಡಿ. ಕೋಟೆ ಕಡೆ, ಹಂಪಾಪುರದ ಹತ್ತಿರ ಮೇಯುತ್ತಿತ್ತು. ಬಿಟ್ಟು ಬರುವ ಹಾಗಿರಲಿಲ್ಲ. "ನೀನೂ ನೋಡಿದ್ದೀಯಲ್ಲ ಅವ್ನ. ನಡ್ದದ್ದು ನಡ್ದಂಗೆ ಏಳು. ವಿಳಾಸ ನಿನ್ ಮನೇದೇ ಕೊಡು, ಅಳ್ಳಿ ಉಡ್ಕದು ಅವ್ನಿಗ್ ಕಷ್ಟ," ಎಂದು ಹೇಳಿ ಬಸ್ಸು ಹತ್ತಿದ.

ಕಂಬಳಿಯನ್ನು ಬಿಚ್ಚಿ ನೋಡಿದೆ. ಹೊಗೆ, ಕುರಿ, ಹಳೆಯ ರಕ್ತ ಎಲ್ಲ ಸೇರಿದ ಒಂದು ವಾಸನೆ. ನುಸಿ ಕೊರೆದಿತ್ತು. ಒಂದು ಮೂಲೆಯೇ ಇರಲಿಲ್ಲ. ಇದನ್ನು ಬಗಲಲ್ಲಿಟ್ಟುಕೊಂಡು ಆಫೀಸಿಗೆ ಹೇಗೆ ಹೋಗುವುದು? ನನ್ನ ಗಂಡ ಕೈಕಟ್ಟಿ ನಿಲ್ಲುವ ಜಾಗ ಅದು. ದೊಡ್ಡವರೆಲ್ಲ ಬಂದಿರುತ್ತಾರೆ. ಸರ್ಕಾರಕ್ಕೆ ಕೊಡುವ ಪದಾರ್ಥವನ್ನು ಹೀಗೆ ಕೊಡುವುದು ಮರ್ಯಾದೆಯೇ ಎಂದು ನನಗೆ ನಾನೇ ಹೇಳಿಕೊಂಡೆ. ನೆಂಟರಿಗೆ ಕೊಡುವ ತಂಬಿಗೆಯನ್ನೂ ಹುಣಸೆಹಣ್ಣು ಹಾಕಿ ಬೆಳಗಿ ಕೊಡುವುದಿಲ್ಲವೇ? ಇದು ನೆಪ. ನಿಜ ಹೇಳಬೇಕೆಂದರೆ ನನಗೆ ಅಣ್ಣನ ವಾಸನೆ ಹೊತ್ತುಕೊಂಡು ಆ ಬೀದಿಯಲ್ಲಿ ನಡೆಯಲು ನಾಚಿಕೆಯಾಗಿತ್ತು.

ಹೊಳೆಗೆ ಒಯ್ದೆ. ಸೀಗೆಪುಡಿಗೆ ಕಲೆ ಜಗ್ಗಲಿಲ್ಲ. ಬಟ್ಟೆ ಸೋಪು, ಸೋಡ ಹಾಕಿ ಕಲ್ಲಿಗೆ ಬಡಿದೆ, ತೆಂಗಿನ ನಾರಿನಿಂದ ಉಜ್ಜಿದೆ. ಅಂಚಿನಿಂದ ಕಂದು ನೀರು ಇಳಿದು ಹೊಳೆಯಲ್ಲಿ ಹೋಯಿತು. ಇನ್ನೂ ಇಳಿಯಲಿ, ಇನ್ನೂ ಇಳಿಯಲಿ ಎಂದು ಉಜ್ಜಿದೆ. ಮನೆಗೆ ತಂದು ಒಣಗಿಸಿ, ನನ್ನ ಮನೆಯ ಬೇರೊಂದು ಕಂಬಳಿಯ ತುಂಡು ತೆಗೆದು ಆ ಕುಯ್ದ ಮೂಲೆಗೆ ತೇಪೆ ಹಾಕಿದೆ. ನೇಯ್ದ ಹೊಸ ಕಂಬಳಿಗೆ ಹುಣಸೆಬೀಜ ಹುರಿದು ಬೀಸಿ ಕುದಿಸಿದ ಅಂಟನ್ನು ಬಳಿದು ಬಿಗಿ ಮಾಡುವುದು ನಮ್ಮ ಪದ್ಧತಿ. ಅದನ್ನೂ ಮಾಡಿದೆ. ಎಳೆದು ಕಟ್ಟಿ ಕುಂಚದಿಂದ ಬಳಿದು ಬಿಸಿಲಿಗೆ ಬಿಟ್ಟಾಗ ಕಂಬಳಿ ಮಗ್ಗದಿಂದ ಇಳಿದ ಹಾಗೆ ಕಾಣುತ್ತಿತ್ತು. ಮಂಡಿ ನೋವೆಂದು ಜಗಲಿಯ ಮೇಲೆ ಕೂತಿದ್ದ ನಮ್ಮತ್ತೆ ನೋಡುತ್ತಲೇ ಇದ್ದರು. "ಏನಮ್ಮಿ, ಮದ್ವೆ ಹೆಣ್ಗೆ ಮಾಡ್ದಂಗ್ ಮಾಡ್ತಾ ಇದೀಯ?" ಎಂದರು. ನನಗೆ ಹೊಗಳಿದ ಹಾಗೆ ಕೇಳಿತು.

ಆಫೀಸಿನ ವರಾಂಡದಲ್ಲಿ ಸುಮಾರು ಜನ ಸೇರಿದ್ದರು. ಒಬ್ಬರ ಕೈಯಲ್ಲಿ ಚರಕ, ಒಬ್ಬರ ಹತ್ತಿರ ಬಣ್ಣ ಹೋದ ಬಾವುಟ, ಇನ್ನೊಬ್ಬರು ಜೈಲಿನ ತಟ್ಟೆ ತಂದಿದ್ದರು. ತಟ್ಟೆ ನೆಗ್ಗಿ, ತುಕ್ಕು ಹಿಡಿದಿತ್ತು. ತೊಳೆದೂ ತಂದಿಲ್ಲವಲ್ಲ ಎಂದು ಮನಸ್ಸಿನಲ್ಲೇ ಹೀಯಾಳಿಸಿದೆ. ಆಫೀಸರು ತೆಳ್ಳಗೆ, ಕನ್ನಡಕ, ಮೆಲು ಮಾತಿನವರು. ನನ್ನ ಸರದಿ ಬಂತು. ಕಲಿತುಕೊಂಡು ಹೋಗಿದ್ದ ಹಾಗೆ ಎಲ್ಲ ಹೇಳಿದೆ. ಅವರು ಬರೆದುಕೊಳ್ಳುತ್ತಾ ಕಂಬಳಿ ಬಿಚ್ಚಿದರು. ಅಂಟಿಗೆ ಅದು ಹಪ್ಪಳದ ಹಾಗೆ ಸದ್ದು ಮಾಡಿತು.

"ರಕ್ತದ ಕಲೆ ಅಂದ್ರಲ್ಲಮ್ಮ, ಎಲ್ಲಿ?"

"ಒಗ್ದಿದೀನಿ ಸ್ವಾಮಿ."

"ಕುಯ್ದಿದ್ದ ಮೂಲೆ?"

"ತೇಪೆ ಹಾಕಿದೀನಿ."

ಹಿಂದೆ ಯಾರೋ ಕಿಸಕ್ಕೆಂದರು. ಟೋಪಿ ಹಾಕಿದ್ದ ಒಬ್ಬ ಮುದುಕರು, "ಅಲ್ಲವ್ವ, ಹೋರಾಟಾನೇ ಒಗ್ದು ಇಸ್ತ್ರಿ ಮಾಡ್ಕೊಂಡ್ ಬಂದ್ಬುಟ್ಟಿದೀಯಲ್ಲ!" ಎಂದರು. ವರಾಂಡ ಪೂರ್ತಿ ನಕ್ಕಿತು. ಬಾಗಿಲ ಹತ್ತಿರ ನಿಂತಿದ್ದ ನನ್ನ ಗಂಡ ಮುಖ ಆ ಕಡೆ ತಿರುಗಿಸಿದರು. ಆಫೀಸರೊಬ್ಬರೇ ನಗಲಿಲ್ಲ. ಪೆನ್ನು ಕೆಳಗಿಟ್ಟು ಕೇಳಿದರು:

"ಹೋಗ್ಲಿ ಬಿಡಿ. ಆ ಹುಡುಗನ್ನ ನೀವು ಕಣ್ಣಾರೆ ನೋಡಿದೀರಾ?"

ನೋಡಿದ್ದೇನೆ ಎಂದರೆ ಆಗುತ್ತಿತ್ತು. ಒಂದು ಮಾತು. ಆದರೆ ನಗು ಇನ್ನೂ ನಿಂತಿರಲಿಲ್ಲ. ನೋಡಿದ್ದೇನೆ ಎಂದರೆ ಆ ರೊಪ್ಪ, ಆ ಕುರಿ, ಆ ಅಂಬಲಿ ಎಲ್ಲ ಆ ಜನರ ಮುಂದೆ ನನ್ನ ಮೈಗೆ ಅಂಟಿಕೊಳ್ಳುತ್ತಿತ್ತು. ನಾನು ಹೇಳಿದೆ: "ಇಲ್ಲ ಸ್ವಾಮಿ, ನಾನ್ ನೋಡಿಲ್ಲ. ನಮ್ಮಣ್ಣ ಹೇಳೋದು. ಕುರಿ ಕಾಯೋನು ಅವ್ನು, ಏನೇನೋ ಹೇಳ್ತಿರ್ತಾನೆ."

ಆ ಮಾತು ನನ್ನ ಬಾಯಿಂದ ಬಂತು. ಯಾರೂ ಹೇಳಿಸಲಿಲ್ಲ.

ಆಫೀಸರು ಕಂಬಳಿ ಮಡಿಸಿ ನನ್ನ ಕೈಗಿಟ್ಟರು. "ಈಗ ಹೀಗೇ ತಗೊಳ್ಳೋಕೆ ನನಗಾಗಲ್ಲಮ್ಮ. ನಿಮ್ಮಣ್ಣನ್ನ ಕರ್ಕೊಂಡ್ ಬನ್ನಿ. ನಾಳೆ ಕೆ.ಆರ್. ನಗರದಲ್ಲಿರ್ತೀನಿ, ನಾಳಿದ್ದು ಕೋಟೆಗೆ ಹೋಗ್ತೀನಿ. ಅವರ ಬಾಯಿಂದ ಕೇಳಿ ಬರ್ಕೋತೀನಿ. ಆ ಮಾತಿನ ಜೊತೆ ಕಂಬಳಿ ಇಡಬಹುದು," ಎಂದರು.

ಕೋಟೆ ಎಂದರೆ ಅಣ್ಣನ ಮಂದೆ ಇದ್ದ ಕಡೆಯೇ. ಹಂಪಾಪುರಕ್ಕೆ ಹೋಗುವ ಬಸ್ಸಿನ ಕಂಡಕ್ಟರಿಗೆ ಹೇಳಿ ಕಳಿಸಿದ್ದರೆ ಅವನು ಓಡಿ ಬರುತ್ತಿದ್ದ. ನಾನು ಹೇಳಿ ಕಳಿಸಲಿಲ್ಲ. ಬಂದರೆ ಕಂಬಳಿ ನೋಡುತ್ತಾನೆ, ನಾನು ಆಡಿದ ಮಾತು ಆಫೀಸರ ಬಾಯಿಂದ ಕೇಳುತ್ತಾನೆ. ಒಂದು ದಿನ ಕಳೆಯಿತು, ಇನ್ನೊಂದು ದಿನ ಕಳೆಯಿತು. ಆಫೀಸರ ಜೀಪು ಮೈಸೂರಿಗೆ ವಾಪಸು ಹೋಯಿತೆಂದು ಗಂಡ ಹೇಳಿದಾಗ ನನಗೆ ಸಮಾಧಾನವಾಯಿತು. ಇವತ್ತು ನನಗೆ ಹೆಚ್ಚು ನಾಚಿಕೆ ತರುವುದು ಆ ಸಮಾಧಾನ.

ಸಂತೆಯ ದಿನ ಅಣ್ಣ ಹಿತ್ತಿಲ ಬಾಗಿಲಲ್ಲಿ ನಿಂತು, "ತಗಂಡ್ರಾ?" ಎಂದ.

"ತಗಂಡ್ರು ಅಣ್ಣಯ್ಯ."

"ಏನಂದ್ರು?"

"ಬಾಳ ಒಳ್ಳೇ ಸಾಮಾನು ಅಂದ್ರು."

ಅವನು ಅಲ್ಲೇ ಕಲ್ಲಿನ ಮೇಲೆ ಕೂತು ಟವೆಲಿನಿಂದ ಮುಖ ಒರೆಸಿಕೊಂಡ. ಆಮೇಲೆ ಪ್ರತಿ ಸಂತೆಗೂ ಬಂದ ಕೂಡಲೇ ಅದೇ ಮಾತು: "ಯಾರಾದ್ರೂ ಬಂದಿದ್ರಾ ಅಮ್ಮಿ?" ನಾನು ಒಳಗೆ ಕೆಲಸದಲ್ಲಿದ್ದವಳ ಹಾಗೆ, "ಇಲ್ಲ ಕಣಣ್ಣಯ್ಯ" ಎನ್ನುತ್ತಿದ್ದೆ. "ಇನ್ನೂ ಇಟ್ಟಿರಾಕಿಲ್ಲ, ಕಟ್ಟಡ ಆಯ್ತಾ ಇರ್ಬೇಕು," ಎಂದು ಅವನೇ ಸಮಾಧಾನ ಹೇಳುತ್ತಿದ್ದ. ನನಗೆ!

ಕಂಬಳಿಯನ್ನು ಅತ್ತೆಯ ಕಾಲಿಗೆ ಹೊದಿಸುತ್ತಿದ್ದೆ. ಸಂತೆಯ ದಿನ ಬೆಳಗಾದರೆ ಅದನ್ನು ಎಳೆದು ಟ್ರಂಕಿಗೆ ತುಂಬುವುದು. ಅತ್ತೆಗೆ ಎಲ್ಲ ಗೊತ್ತಿತ್ತು. "ವಾರಕ್ಕೊಂದ್ ದಿನ ನನ್ ಮಂಡಿ ಕೊರ್ಕಂಡ್ ಸಾಯ್ಬೇಕು, ನಿನ್ ಸುಳ್ ಬೆಚ್ಚಗಿರ್ಲಿ ಅಂತ," ಎಂದು ಬೈಯುತ್ತಿದ್ದರು. "ಹೇಳ್ಬುಡಮ್ಮಿ. ನಿಮ್ಮಣ್ಣ ಹೊಡ್ಯೋನಲ್ಲ, ಬಡ್ಯೋನಲ್ಲ." ಅವನು ಹೊಡೆಯುವವನಾಗಿದ್ದರೆ ಹೇಳಿಬಿಡುತ್ತಿದ್ದೆನೋ ಏನೋ.

ಕೆಲವು ವರ್ಷಕ್ಕೆ ಮ್ಯೂಸಿಯಂ ತೆರೆಯಿತು. ಸುದ್ದಿ ಅಣ್ಣನಿಗೆ ಸಂತೆಯಲ್ಲೇ ಸಿಕ್ಕಿತು. ನೋಡಲೇಬೇಕೆಂದ. ನಾನು ಮಳೆ ಎಂದೆ, ಮಕ್ಕಳ ಪರೀಕ್ಷೆ ಎಂದೆ. ಕೊನೆಗೆ ನೆಪ ಮುಗಿದವು. ಗಂಡ ಬರಲು ಒಪ್ಪಲಿಲ್ಲ. "ನೀನ್ ಕಟ್ಟಿದ್ ಸುಳ್ಳು, ನೀನೇ ಹೊತ್ಕೊಂಡ್ ಹೋಗು," ಎಂದರು. ಮೈಸೂರಿನಿಂದ ರೈಲು ಹತ್ತಿದೆವು, ಅಣ್ಣ ಮತ್ತು ನಾನು. ಅವನು ಒಗೆದ ಪಂಚೆ, ಹೊಸ ಶರ್ಟು ಹಾಕಿದ್ದ. ತಲೆಗೆ ಎಣ್ಣೆ ಹಚ್ಚಿಕೊಂಡಿದ್ದ. ರೈಲಿನಲ್ಲಿ ಹೇಳಿಬಿಡೋಣ ಎಂದು ಮದ್ದೂರಿನವರೆಗೂ ಅಂದುಕೊಂಡೆ. ಮದ್ದೂರಿನಲ್ಲಿ ಅವನು ವಡೆ ಕೊಡಿಸಿದ. ಹೇಳಲಾಗಲಿಲ್ಲ.

ದೊಡ್ಡ ಕಟ್ಟಡ, ತಣ್ಣನೆಯ ನೆಲ. ಅಣ್ಣ ಚಪ್ಪಲಿಯನ್ನು ಹೊರಗೆ ಬಿಟ್ಟು ಬಂದ. ಬೇಡವೆಂದರೂ ಕೇಳಲಿಲ್ಲ. ಗಾಜಿನ ಪೆಟ್ಟಿಗೆಗಳಲ್ಲಿ ಕೋಳ, ಬೇಡಿ, ಮುರಿದ ಕನ್ನಡಕ, ಅಚ್ಚು ಹಾಕಿದ ಕರಪತ್ರ, ನೆಗ್ಗಿದ ತಟ್ಟೆಗಳು. ಅಣ್ಣ ಒಂದೊಂದರ ಮುಂದೆಯೂ ಬಗ್ಗಿ ನೋಡುತ್ತಾ ಹೋದ. ಇಲ್ಲ ಎಂದು ಗೊತ್ತಿದ್ದೂ ನಾನು ಹಿಂದೆ ಹಿಂದೆ ನಡೆದೆ, ಹುಡುಕುವವಳ ಹಾಗೆ ಕತ್ತು ಆಡಿಸುತ್ತಾ. ಒಂದು ಪೆಟ್ಟಿಗೆಯಲ್ಲಿ ಅಂಗಿ ಇತ್ತು. ಎದೆಯ ಹತ್ತಿರ ದೊಡ್ಡ ಕಂದು ಕಲೆ.

"ನೋಡಮ್ಮಿ, ರಕ್ತ ಎಂಗಿತ್ತೋ ಅಂಗೇ ಮಡಗವ್ರೆ," ಎಂದ ಅಣ್ಣ. ದೇವರ ಮುಂದೆ ಮಾತಾಡುವ ಹಾಗೆ ಮೆಲ್ಲಗೆ. ಹೊಳೆಯ ಕಲ್ಲಿನ ಮೇಲೆ ನಾನು ಏನನ್ನು ಕಳೆದೆ ಎಂಬುದು ನನಗೆ ಸರಿಯಾಗಿ ತಿಳಿದದ್ದು ಆವಾಗ.

ಎಲ್ಲ ಕೋಣೆ ಮುಗಿಯಿತು. ಮತ್ತೆ ಮೊದಲಿಂದ ನೋಡೋಣ ಎಂದ. ಮತ್ತೆ ನೋಡಿದೆವು. ಆಮೇಲೆ ಬಾಗಿಲಲ್ಲಿ ಸ್ಟೂಲಿನ ಮೇಲೆ ಕೂತಿದ್ದ ಕಾವಲಿನವನ ಹತ್ತಿರ ಹೋಗಿ ಕೈಮುಗಿದ.

"ಕಂಬ್ಳಿ ಒಂದಿತ್ತಲ್ಲ ಸ್ವಾಮಿ, ಎಲ್ಲಿ ಮಡಗಿದೀರಿ?"

"ಕಂಬಳೀನಾ? ಅಂಥದ್ದು ಯಾವುದೂ ಇಲ್ಲಪ್ಪ."

"ಇತ್ತು ಸ್ವಾಮಿ. ನಮ್ ತಂಗೀನೇ ಕೊಟ್ಟಿರದು."

ಕಾವಲಿನವನು ನನ್ನ ಮುಖ ನೋಡಿದ. ನಾನು ನೆಲ ನೋಡಿದೆ. ಅಣ್ಣ ಇನ್ನೊಂದು ಮಾತು ಕೇಳಿದ. "ಇಲ್ಲಿಂದ ಯಾರಾದ್ರೂ ಅವರವ್ರ ಸಾಮಾನ ವಾಪಸ್ ಇಸ್ಕಂಡ್ ಓಗದು ಉಂಟಾ?"

"ಉಂಟಪ್ಪ, ಒಬ್ಬಿಬ್ಬರು ಬಂದು ನಮ್ಮದು ಅಂತ ಅರ್ಜಿ ಕೊಟ್ಟು ತಗೊಂಡ್ ಹೋಗಿದಾರೆ," ಎಂದು ಅವನು ಆಕಳಿಸಿದ. ಹಳ್ಳಿಯವನನ್ನು ಸಾಗಹಾಕಲು ಅಂದನೋ, ನಿಜವೋ, ನನಗೆ ತಿಳಿಯದು.

ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆವು. ಅಣ್ಣನ ಭುಜ ಅಲುಗುತ್ತಿತ್ತು. ಅಳುತ್ತಿದ್ದಾನೆ, ಈಗ ಹೇಳಲೇಬೇಕು ಎಂದು ಬಾಯಿ ತೆರೆದೆ. ಅವನು ತಲೆ ಎತ್ತಿದ. ನಗುತ್ತಿದ್ದ, ಕಣ್ಣಲ್ಲಿ ನೀರು.

"ಬದ್ಕವ್ನೆ ಕಣಮ್ಮಿ. ಅವ್ನೇ ಬಂದು ತಗಂಡೋಗವ್ನೆ. ಇನ್ಯಾರಿಗ್ ಬೇಕು ಆ ಅರ್ಕಲು ಕಂಬ್ಳಿ? ನಮ್ಮನ್ನ ಉಡ್ಕಂಡ್ ಬರ್ದೆ ಇದ್ರೆ ಓಗ್ಲಿ ಬುಡು, ದೊಡ್ಡ ಮನ್ಸ ಆಗಿರ್ತಾನೆ, ಪುರುಸೊತ್ತಿರಾಕಿಲ್ಲ. ಬದ್ಕವ್ನಲ್ಲ. ಅಷ್ಟ್ ಸಾಕು."

ತೆರೆದಿದ್ದ ಬಾಯನ್ನು ಮುಚ್ಚಿಕೊಂಡೆ. ಆ ಮುಖ ನೋಡಿದವರು ಯಾರೂ ಹೇಳುತ್ತಿರಲಿಲ್ಲ ಎಂದು ಎಷ್ಟೋ ವರ್ಷ ನನ್ನನ್ನು ನಾನು ಒಪ್ಪಿಸಿಕೊಂಡೆ. ಆದರೆ ಆಗ ನನಗೆ ಮೊದಲು ಹೊಳೆದದ್ದು ಅವನ ಸಂತೋಷವಲ್ಲ, ನಾನು ತಪ್ಪಿಸಿಕೊಂಡೆ ಎಂಬುದು.

ಅಣ್ಣ ಊರಿಗೆ ಹೋಗಿ ಎಲ್ಲರಿಗೂ ಹೇಳಿದ. ಸಂತೆಯಲ್ಲಿ ಹೇಳಿದ, ಬಸ್ಸಿನಲ್ಲಿ ಹೇಳಿದ. ಅತ್ತಿಗೆ, ಮಕ್ಕಳು ಎಲ್ಲರ ಬಾಯಲ್ಲೂ ಅದೇ: ಆ ಹುಡುಗ ಬಂದನಂತೆ, ಕಂಬಳಿ ತಗೊಂಡು ಹೋದನಂತೆ. ನಮ್ಮ ಮನೆಗೆ ಬಂದರೆ ಈಗ ಕೇಳುವುದು ಏನೂ ಇರಲಿಲ್ಲ. ಕೂತು ಕಾಫಿ ಕುಡಿದು, "ಅವ್ನ ಮಕ್ಳು ಕಂಬ್ಳಿ ಒದ್ಕಂಡ್ ಮಲಗ್ತಾವೇನೋ" ಎಂದು ನಗುತ್ತಿದ್ದ. ಗೋಡೆಯಾಚೆ ಟ್ರಂಕಿನಲ್ಲಿ ಕಂಬಳಿ ಇತ್ತು. ಅತ್ತೆ ಹೋಗಿಬಿಟ್ಟಿದ್ದರು. ಇನ್ನು ಬೈಯುವವರೂ ಇರಲಿಲ್ಲ.

ಆಮೇಲೆ ಅಣ್ಣ ಬಹಳ ವರ್ಷ ಬದುಕಲಿಲ್ಲ. ಹೊಟ್ಟೆನೋವೆಂದು ಮಲಗಿದವನು ಏಳಲಿಲ್ಲ. ನಾನು ಹೋಗುವಷ್ಟರಲ್ಲಿ ಹೊರಗೆ ಮಲಗಿಸಿದ್ದರು. ನಮ್ಮಲ್ಲಿ ಒಂದು ಪದ್ಧತಿ ಇದೆ. ಗಂಡುಮಗ ಮೊದಲ ಸಲ ಮಂದೆಯ ಹಿಂದೆ ಹೊರಟಾಗ ಮನೆಯವರು ಒಂದು ಕಂಬಳಿ ನೇಯ್ದು ಹೆಗಲಿಗೆ ಹಾಕುತ್ತಾರೆ. ಅವನು ಎಷ್ಟು ಕಂಬಳಿ ಬದಲಾಯಿಸಲಿ, ಮಣ್ಣಿಗೆ ಇಳಿಸುವಾಗ ಆ ಮೊದಲ ಕಂಬಳಿಯನ್ನೇ ಹೊದಿಸುತ್ತಾರೆ. ನಮ್ಮ ತಾತ ನೇಯ್ದ ಆ ಕಂಬಳಿಯನ್ನೇ ಅಣ್ಣ ಆ ಹುಡುಗನಿಗೆ ಸುತ್ತಿದ್ದು.

"ಇವ್ನ ಕಂಬ್ಳಿ ತನ್ರಪ್ಪ," ಎಂದ ಹಿರಿಯನೊಬ್ಬ.

ಅತ್ತಿಗೆ ಅಳುವುದನ್ನು ನಿಲ್ಲಿಸಿ ಹೇಳಿದಳು: "ಅವ್ರುದ್ದು ಇಲ್ಲ ಕಣಪ್ಪ. ಆ ಉಡುಗ ಇಸ್ಕಂಡ್ ಓದ್ನಲ್ಲ." ಆ ದುಃಖದಲ್ಲೂ ಅವಳ ದನಿಯಲ್ಲಿ ಒಂದು ಹೆಮ್ಮೆ ಇತ್ತು. ಸುತ್ತ ನಿಂತವರು ತಲೆದೂಗಿದರು.

ಹುಣಸೂರಿಗೆ ಬಸ್ಸಿತ್ತು. ಹೋಗಿ ತರಲು ಹೊತ್ತೂ ಇತ್ತು. "ಇದೆ, ನಮ್ಮನೇಲಿದೆ" ಎನ್ನುವುದಕ್ಕೆ ಅಷ್ಟು ಜನರ ಮುಂದೆ, ಅತ್ತಿಗೆಯ ಆ ಮುಖದ ಮುಂದೆ, ನನಗೆ ಬಾಯಿ ಬರಲಿಲ್ಲ. ಯಾರೋ ಅಂಗಡಿಗೆ ಓಡಿದರು. ಇನ್ನೂ ಅಂಟಿನ ವಾಸನೆ ಹೋಗದ ಹೊಸ ಕಂಬಳಿ ತಂದು ಹೊದಿಸಿ ಅಣ್ಣನನ್ನು ಮಣ್ಣು ಮಾಡಿದರು. ತಾಲ್ಲೂಕು ಆಫೀಸಿನಲ್ಲಿ ಅವನ ಮಾತನ್ನು ಸುಳ್ಳು ಮಾಡಿದ್ದೆ. ಮಣ್ಣು ಮಾಡಿದ ದಿನ ಅವನದೆಂದು ಇದ್ದ ಒಂದು ಬಟ್ಟೆಯನ್ನೂ ಅವನಿಗೆ ಕೊಡದೆ ಕಳಿಸಿದೆ.

ಅತ್ತಿಗೆಗೆ ಓದಲು ಬರುವುದಿಲ್ಲ. ಅವಳ ಮಕ್ಕಳು ಓದಿದ್ದಾರೆ, ಅವರ ಮಕ್ಕಳೂ ಓದುತ್ತಾರೆ. ಕಂಬಳಿಯ ಕತೆಯನ್ನು ಅವರು ತಮ್ಮ ಮನೆಯ ಮಾತಾಗಿ ಹೇಳಿಕೊಳ್ಳುತ್ತಾರೆ. ಅದರ ಕೊನೆ ನಿಜವಲ್ಲ ಎಂದು ಈಗ ನಾನು ಬರೆಯುತ್ತಿದ್ದೇನೆ. ನನ್ನ ಮನಸ್ಸು ಹಗುರ ಮಾಡಿಕೊಳ್ಳಲು ಅವರ ಕೈಯಿಂದ ಅದನ್ನು ಕಸಿಯುತ್ತಿದ್ದೇನೆಯೇ ಎಂದು ಎಷ್ಟೋ ಸಲ ಕೈ ತಡೆದಿದೆ. ಆ ಹುಡುಗ ಬದುಕಿದನೋ ಇಲ್ಲವೋ ನನಗೆ ಗೊತ್ತಿಲ್ಲ. ಅವನಿಗೂ ನಮಗೂ ನಡುವೆ ಉಳಿದಿದ್ದ ಒಂದು ಗುರುತನ್ನು ನಾನು ಅಳಿಸಿದೆ ಎಂಬುದು ಮಾತ್ರ ಗೊತ್ತು. ಈ ಬರಹ ಮುಗಿದ ಮೇಲೆ ಕಂಬಳಿಯನ್ನು ಅತ್ತಿಗೆಯ ಮನೆಗೆ ಒಯ್ಯಬೇಕು. ಅವಳ ದೊಡ್ಡ ಮಗ ಇದನ್ನು ಅವಳಿಗೆ ಗಟ್ಟಿಯಾಗಿ ಓದಿ ಹೇಳಲಿ, ನಾನು ಅಲ್ಲೇ ಕೂತಿರುತ್ತೇನೆ. ಆಮೇಲೆ ಅವಳು ಎದ್ದು ಹೋಗು ಎಂದರೆ ಎದ್ದು ಬರುತ್ತೇನೆ.